ನಾ ಮುಟ್ಟದ ನೀರಿನ ಪಾಳಿ

ನನಗ ಸಂಶಯ ಜಾಸ್ತಿ. ಇದನ್ನ ನಾ ಮುಚ್ಚಿಡಾಕ ಹೋಗೂದಿಲ್ಲ. "ಹಾಲಿನ್ಯಾಗ ನೀರ ಬಿದ್ದೈತೇನ ಅಂತ ಗೌಳ್ಯಾನ ಬಿಟ್ಟು ಎಮ್ಮಿನ್ನ ಕೇಳೂವಾಕಿ ಇಕಿ" ಅಂತ ನಾ ಸಣ್ಣಾಕಿದ್ದಾಗಿಂದನೂ ನಮ್ಮವ್ವ ಬೈಕೋತ ಬಂದಾಳ. ಬೈಲಿ. ಅಂಗಡ್ಯಾಗ ಸಕ್ಕರಿ ತೂಗಿದ್ರ ತಕ್ಕಡಿ ತಳಾ ನೋಡತೀನಿ, ಬಸ್ಸಿನ್ಯಾಗ ಕಂಡಕ್ಟರ್ ನಕ್ಕರ ಟಿಕೆಟ್ ತಿರುವಿ ನೋಡತೀನಿ. ಇಂಥಾ ಗುಣ ಇದ್ದಾಕಿ ಕಂಪ್ಯೂಟರ್ ಕೆಲಸಕ್ಕ ಸೇರಿದ್ದು ಚಲೋನ ಆತು ಅಂತ ಅನಕೊಂಡಿದ್ದೆ. ಮಂದಿನ್ನ ನಂಬೂದಕ್ಕಿಂತ ಮಷೀನ್ ನಂಬೂದು ಹಗುರ, ಅದು ಹೇಳಿದಷ್ಟ ಮಾಡತೈತಿ ಅಂತ ನನ್ನ ತಿಳುವಳಿಕಿ ಇತ್ತು. ಅದೂ ಸುಳ್ಳಾತು.

ಚಿಕ್ಕೋಡಿಯೊಳಗ ಕಂಪ್ಯೂಟರ್ ಡಿಗ್ರಿ ಮುಗಿಸಿ, ಲಗ್ನ ಆಗಿ ರಾಯಬಾಗಕ್ಕ ಬಂದಾಕಿ ನಾ. ಬಸ್ ಸ್ಟ್ಯಾಂಡಿನ ಹಿಂದ, ಗೊಬ್ಬರದ ಅಂಗಡಿ ಮ್ಯಾಲ ಎರಡು ಖೋಲಿ, ಅದೇ ನಮ್ಮ ಆಫೀಸು. ಯೂರಿಯಾ ವಾಸನಿ ಹೊಡೀತಿರತೈತಿ, ರೂಢಿ ಆಗೇತಿ. ಮಾಲಕರು ನಿಪ್ಪಾಣಿಯವರು. ಅರ್ಧ ಮಾತು ಮರಾಠಿ, ಅರ್ಧ ಕನ್ನಡ, ಸಿಟ್ಟ ಬಂದ್ರ ಮಾತ್ರ ಪೂರ್ತಿ ಮರಾಠಿ. ಕೋಡ್ ಬರಿಯಾವ್ರು ನಾವಿಬ್ಬರ. ನಾನು ಒಬ್ಬಾಕಿ, ಜುಗೂಳಿಂದ ದಿನಾ ಮೋಟರ್‌ಸೈಕಲ್ ಮ್ಯಾಲ ಬರೋ ಒಬ್ಬ ತರುಣ. ಅಂವ ನನಗ ಅಕ್ಕಾರ ಅಂತಾನ. ಅಥಣಿಯ ಒಣದ್ರಾಕ್ಷಿ ವ್ಯಾಪಾರಸ್ಥರಿಗೆ, ಊರೂರಿನ ಹಾಲಿನ ಡೇರಿಗಳಿಗೆ ಬೇಕಾಗೋ ಸಣ್ಣ ಸಣ್ಣ ಪ್ರೋಗ್ರಾಂ ಬರಕೊಡೂದು ನಮ್ಮ ಉದ್ಯೋಗ.

ಕೋಡ್ ಅಂದ್ರ ಮತ್ತೇನಲ್ಲ, ಮಷೀನಿಗೆ ಸಾಲು ಸಾಲಾಗಿ ಬರದಿಟ್ಟ ಅಪ್ಪಣಿ. ಅದನ್ನ ಬರಿಯೋ ಜಾಗಕ್ಕ ಎಡಿಟರ್ ಅಂತೀವಿ. ಈಗಿನ ಎಡಿಟರುಗಳಿಗೆ ಒಂದು ಕೆಟ್ಟ ಚಾಳಿ ಐತಿ. ನೀವು ಬರದು ಸೇವ್ ಒತ್ತಿದ ಕೂಡ್ಲೇ ಅದು ತಾನ ಕೈ ಹಾಕಿ ನಿಮ್ಮ ಸಾಲು ಸರಿ ಮಾಡತೈತಿ. ನಾ ಒಂದರ ಕೆಳಗ ಒಂದು ನೇರ ಬರೂಹಂಗ ಜಾಗ ಬಿಟ್ಟು ಚಂದಾಗಿ ಬರದಿರ್ತೀನಿ. ಸೇವ್ ಒತ್ತಿದ್ನೋ ಇಲ್ಲೋ, ಸ್ಕ್ರೀನು ಒಮ್ಮಿ ಜಿಗೀತೈತಿ. ನಾ ಬಿಟ್ಟ ಜಾಗ ಮಾಯ. ಒಂದು ಸಾಲಿದ್ದದ್ದು ನಾಕಾಗಿರತೈತಿ, ನಾಕಿದ್ದದ್ದು ಒಂದಾಗಿರತೈತಿ. ನಮ್ಮ ಅಡಗಿ ಮನ್ಯಾಗ ಬ್ಯಾರೇದವರು ಬಂದು ಉಪ್ಪಿನ ಡಬ್ಬಿ ಜಾಗದಾಗ ಸಾಸವಿ ಡಬ್ಬಿ ಇಟ್ಟು ಹೋದ್ರ ಹೆಂಗ ಮೈ ಉರೀತೈತಿ, ಹಂಗ ಉರೀತಿತ್ತು ನನಗ.

ಮೊದಮೊದಲು ಇದು ಮಷೀನಿನ ಕೆಲಸ ಅಂತ ನನಗ ಗೊತ್ತಿರಲಿಲ್ಲ. ಜುಗೂಳದಾಂವನ ಕೆಲಸ ಅಂತ ತಿಳಕೊಂಡಿದ್ದೆ. ನಾ ಚಾ ಕುಡ್ಯಾಕ ಎದ್ದಾಗ ಬಂದು ನನ್ನ ಕೋಡ್ ತಿದ್ದತಾನ, ಮಾಲಕರ ಮುಂದ ಶಾಣ್ಯಾ ಅನ್ನಿಸ್ಕೊಳ್ಳಾಕ ನೋಡತಾನ ಅಂತ ಒಂದು ದಿನ ಬಾಗಲ ಸಂದಿಯಾಗ ನಿಂತು ಕಾದೆ. ಅಂವ ಪಾಪ ತನ್ನ ಜಾಗದಾಗ ಕುಂತು ಚುರಮುರಿ ತಿನ್ನಾಕತ್ತಿದ್ದ. ಆಮ್ಯಾಲ ಅವನೇ ತೋರಿಸಿದ, ಸೇವ್ ಒತ್ತಿದಾಗ ಎಡಿಟರ್ ತಾನ ಮಾಡತೈತ್ರಿ ಅಕ್ಕಾರ ಅಂತ. "ಇಬ್ಬರು ಬರಿಯೋ ಕೋಡ್ ಒಂದೇ ನಮೂನಿ ಕಾಣಬೇಕ್ರಿ, ಅದಕ್ಕ ಇದು" ಅಂದ.

"ನನ್ನ ಕೈ ಬರಹ ನನ್ನಂಗ ಇರಲಿ ಮಾರಾಯಾ, ನಿನ್ನಂಗ ಯಾಕ ಆಗಬೇಕು?" ಅಂದು ನಾ ನನ್ನ ಸೆಟ್ಟಿಂಗಿಗೆ ಹೋಗಿ ಆ ಸೌಲತ್ತನ್ನ ಬಂದ್ ಮಾಡಿದೆ. ಸ್ಕ್ರೀನು ಜಿಗಿಯೂದು ನಿಂತಿತು. ಬಂದ್ ಅಂದ್ರ ಬಂದ್, ಅಲ್ಲಿಗೆ ಮುಗೀತು ಅಂತ ನಿಶ್ಚಿಂತಿ ಆದೆ. ಸಂಶಯದಾಕಿ ನಿಶ್ಚಿಂತಿ ಆಗಬಾರದು ನೋಡ್ರಿ, ಅಲ್ಲೇ ಬುಡಕ್ಕ ಬರತೈತಿ.

ಇನ್ನ ನೀರಿನ ಮಾತಿಗೆ ಬರ್ತೀನಿ. ನನ್ನ ತವರಮನಿ ಪಾಲಬಾವಿ. ಅಪ್ಪ, ಅವ್ವ, ಅಣ್ಣನ ಸಂಸಾರ ಎಲ್ಲಾ ಕೂಡಿ ಅದಾರ. ಮನಿತುಂಬ ಮಂದಿ, ಹೊಲತುಂಬ ಕಬ್ಬು. ನಮ್ಮ ಹೊಲ ಇರೂ ಕಡೆ ಒಂದು ಕೂಡಪಂಪು ಐತಿ, ಅಂದ್ರ ಹಂತೇಲಿ, ಅಕ್ಕಪಕ್ಕ ಇದ್ದ ಹೊಲದವರೆಲ್ಲಾ ಸೇರಿ ಹಾಕಿದ ಪಂಪು. ಬ್ಯಾಸಗಿ ಬಂತಂದ್ರ ಅದರ ನೀರು ಪಾಳಿ ಪ್ರಕಾರ ಒಂದೊಂದ ಪಟ್ಟಿಗೆ ಬಿಡ್ತಾರ. ಪಟ್ಟಿ ಅಂದ್ರ ಹೊಲಗಳ ಒಂದು ಗುಂಪು, ಒಂದೊಂದಕ್ಕ ಒಂದು ಹೆಸರು. ಹುಣಸಿ ಗಿಡದ ಪಟ್ಟಿ, ಬಸವಣ್ಣನ ಪಟ್ಟಿ, ಕರೇಕಲ್ಲಿನ ಪಟ್ಟಿ, ಹಿಂಗ. ನಮ್ಮಪ್ಪನ ಹೊಲ ಆಲದ ಗಿಡದ ಪಟ್ಟಿಯೊಳಗ ಬರತೈತಿ.

ಯಾರಿಗೆ ಮೊದಲು ನೀರು ಅನ್ನೋದನ್ನ ಪ್ರತಿ ವರ್ಷ ದೇವಿ ಗುಡಿ ಕಟ್ಟಿ ಮ್ಯಾಲ ಚೀಟಿ ಎತ್ತಿ ಗೊತ್ತು ಮಾಡ್ತಾರ. ತಾಮ್ರದ ತಂಬಿಗ್ಯಾಗ ಚೀಟಿ ಹಾಕಿ ಪೂಜಾರಿ ಒಂದೊಂದ ಎತ್ತತಾನ. ಆದ್ರ ನಮ್ಮೂರಾಗ ಒಂದು ರಿವಾಜ ಐತಿ. ಪಾಳಿಗೆ ನಂಬರ್ ಹಚ್ಚೂದಿಲ್ಲ. "ಹುಣಸಿ ಆದಮ್ಯಾಲ ಬಸವಣ್ಣ, ಬಸವಣ್ಣ ಆದಮ್ಯಾಲ ಕರೇಕಲ್ಲು" ಅಂತ ಬಾಯಿಲೆ ಹೇಳ್ಕೋತ ಹೋಗಿ, ಕಡೀಕ ಮತ್ತ ಹುಣಸಿಗೆ ತಂದು ಗಂಟ ಹಾಕ್ತಾರ. ನಂಬರ್ ಹಚ್ಚಿದ್ರ ಯಾವನರ ಒಬ್ಬಾಂವ ಕಡೇ ನಂಬರಿನಾಂವ ಆಗಬೇಕಾಗತೈತಿ. ಕಡೇದಾಂವ ಅನ್ನಿಸ್ಕೊಂಡ ಮನಿತನಕ್ಕ ಹೆಣ್ಣು ಕೊಡೂ ಮುಂದ ಮಂದಿ ಹಿಂದ ಮುಂದ ನೋಡ್ತಾರಂತ. ಹಿರ್ಯಾರು ಹಾಕಿದ ಗೆರಿ, ಯಾರೂ ದಾಟೂದಿಲ್ಲ.

ಹಿಂದಿನ ವರ್ಷ ಆ ಪಾಳಿಗೆ ನಾ ಒಂದು ಸಣ್ಣ ಪ್ರೋಗ್ರಾಂ ಬರಕೊಟ್ಟಿದ್ದೆ. ಸಂಜೀಕ ಪಂಪಿನಾಂವಗೂ ಪಟ್ಟಿಯವರಿಗೂ ಫೋನಿಗೆ ಮೆಸೇಜ್ ಹೋಗತೈತಿ, ನಾಳಿಗೆ ನೀರು ಇಂಥಾ ಪಟ್ಟಿಗೆ, ಅದರ ಹಿಂದ ಉಳಿದ ಪಟ್ಟಿಗಳ ಸಾಲು ಹಿಂಗ ಅಂತ. ಅದರೊಳಗೂ ಊರ ರಿವಾಜ ಬಿಡಲಿಲ್ಲ. ನಂಬರ್ ಹಾಕದ, ಪಟ್ಟಿಗಳ ಹೆಸರಷ್ಟ ಒಂದರ ಕೆಳಗ ಒಂದು ಬರದೆ. ಮ್ಯಾಲಿದ್ದಾಂವಗ ಮೊದಲು, ಕೆಳಗಿದ್ದಾಂವಗ ಆಮ್ಯಾಲ. ಬ್ಯಾರೆ ಊರಿನ ಯಾವ ಪ್ರೋಗ್ರಾಮರ್ ಆದ್ರೂ ನಂಬರ್ ಹಾಕತಿದ್ದ. ನಾ ಪಾಲಬಾವಿಯಾಕಿ, ಹಾಕಲಿಲ್ಲ. ಒಂದು ವರ್ಷ ಗಡಿಯಾರದಂಗ ನಡೀತು. "ನಮ್ಮ ಊರ ಮಗಳು" ಅಂತ ಮಂದಿ ಹೊಗಳಿದ್ರು, ನಮ್ಮಪ್ಪ ಮೀಸಿ ತಿರುವಿದ.

ಈ ವರ್ಷ ಚೀಟಿ ಎತ್ತಿದ ದಿನ ನಾನೂ ಗುಡಿಗೆ ಹೋಗಿದ್ದೆ. ಹುಣಸಿ ಪಟ್ಟಿ ಮೊದಲು ಬಂತು. ನಮ್ಮಪ್ಪನ ಆಲದ ಪಟ್ಟಿ ತಂಬಿಗಿ ತಳದಾಗ ಉಳೀತು. ಅಪ್ಪ ದೋತರದ ಚುಂಗಿಲೆ ಮುಖಾ ಒರಸ್ಕೊಂಡ. ಈ ಸಲ ಅವನ ಕಬ್ಬು ಹೊಸಾ ನಾಟಿ, ಎಳೀದು, ನೀರು ತಡಾ ಆದ್ರ ಸುಳಿ ಬಾಡತೈತಿ ಅಂತ ನನಗೂ ಗೊತ್ತಿತ್ತು. ಆದ್ರ ಚೀಟಿ ಅಂದ್ರ ಚೀಟಿ. ನಾ ಮರುದಿನ ಆಫೀಸಿಗೆ ಬಂದು ಹೊಸಾ ಪಾಳಿ ಬರದೆ, ಬಾಯಿಬಿಟ್ಟು ಓದಿ ತಾಳಿ ನೋಡಿದೆ, ಸೇವ್ ಒತ್ತಿದೆ, ಕಳಿಸಿದೆ, ಲ್ಯಾಪ್‌ಟಾಪ್ ಮುಚ್ಚಿದೆ. ಬಸ್ಸು ಹಾರ್ನ್ ಹೊಡ್ಯಾಕತ್ತಿತ್ತು. ಓದಿ ನೋಡಿದ್ದು ಸೇವ್ ಒತ್ತೂಕಿಂತ ಮೊದಲು, ಒತ್ತಿದಮ್ಯಾಲ ಅಲ್ಲ. ಅಷ್ಟ ಆಗಿದ್ದು.

ಪಂಪ್ ಚಾಲೂ ಆದ ಮುಂಜಾನೆ ಅಪ್ಪನ ಫೋನ್ ಬಂತು. ನಮ್ಮಪ್ಪ ತಾನಾಗಿ ಫೋನ್ ಹಚ್ಚೂವಾಂವ ಅಲ್ಲ. ಊರಾಗ ಯಾರರ ಸತ್ರ ಅಷ್ಟ ಹಚ್ಚತಾನ. ಗಡಬಡಿಸಿ ಎತ್ತಿದೆ.

"ನಾಷ್ಟಾ ಆತೇನವಾ?" ಅಂದ. ದನಿ ಬೆಲ್ಲ ಆಗಿತ್ತು.

"ಆತು. ಯಾಕಪಾ, ಏನಾತು?"

"ಏನಿಲ್ಲ. ನೀರ ಬಂತು."

"ಯಾವ ನೀರು? ನಿಮ್ಮ ಪಾಳಿ ಇನ್ನೂ ದೂರ ಐತೆಲಾ?"

"ಇರಲಿ ಬಿಡು. ಫೋನಿನ್ಯಾಗ ಯಾಕ ಆ ಮಾತು" ಅಂದು ನಕ್ಕು ಇಟ್ಟಬಿಟ್ಟ.

ನನ್ನ ತಲ್ಯಾಗ ಹುಳಾ ಹೊಕ್ತು. ಫೋನಿನ್ಯಾಗ ಆಡಬಾರದಂಥಾ ಮಾತು ನೀರಿನ್ಯಾಗ ಏನೈತಿ? ಅಪ್ಪ ಪಂಪಿನಾಂವನ್ನ ಒಳಗ ಹಾಕ್ಕೊಂಡಾನೇನು ಅಂತ ನನ್ನ ಹೆತ್ತಪ್ಪನ ಮ್ಯಾಲೇ ಅನುಮಾನ ಬಂತು. ಅಷ್ಟರಾಗ ಕೆಳಗ ಟ್ರ್ಯಾಕ್ಟರ್ ನಿಂತ ಸಪ್ಪಳಾತು. ಮೆಟ್ಟಲ ಮ್ಯಾಲ ಧಡಧಡ ಅಂತ ಹುಣಸಿ ಪಟ್ಟಿಯವರು ಹತ್ತಿ ಬಂದ್ರು. ಮುಂದ ಅವರ ಹಿರ್ಯಾ, ನಾವೆಲ್ಲಾ ಸಣ್ಣವರಿದ್ದಾಗಿಂದ ಕಾಕಾ ಅನ್ನೋ ಮನಿಷಾ. ಸಣ್ಣಾಕಿದ್ದಾಗ ನನ್ನ ಹೆಗಲ ಮ್ಯಾಲ ಹೊತ್ತಾಂವ.

"ಬಾಳ ಚಲೋ ಮಾಡಿದಿ ತಂಗಿ," ಅಂದ ಕಾಕಾ. "ದೇವಿ ನಮಗ ಕೊಟ್ಟ ನೀರ ನೀ ನಿಮ್ಮಪ್ಪಗ ಕೊಟ್ಟಿ."

"ನಾ ಏನ್ ಮಾಡೀನಿ ಕಾಕಾ?"

"ಏನ್ ಮಾಡೀಯಾ? ಫೋನ್ ನೋಡು. ಮೊದಲ ಪಾಳಿ ಆಲದ ಪಟ್ಟಿದು ಅಂತ ಬಂದೈತಿ. ಕಡೀಕ ನಮ್ಮನ್ನ ಇಟ್ಟಿ. ನಮ್ಮನ್ನ!"

ಮೊದಲಿದ್ದಾಂವ ತಳಕ್ಕ, ತಳದಾಗಿದ್ದಾಂವ ಮ್ಯಾಲಕ್ಕ. ಅದೂ ನಮ್ಮಪ್ಪ. ಬರದಾಕಿ ಅವನ ಮಗಳು. ಇದಕ್ಕ ಸಾಕ್ಷಿ ಯಾಕ ಬೇಕು? ನಾ ಅವರ ಜಾಗದಾಗ ಇದ್ದಿದ್ರ ನಾನೂ ನನ್ನ ನಂಬತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೋತಾರಲ್ಲ, ಹಂಗ ನನ್ನ ಕೈ ಸೆರಗಿಗೆ ಹೋತು. ಮಾಲಕರು ಒಳಗಿಂದ ಬಂದ್ರು. "ಅಹೋ ಬಾಯಿ, ಖರೇ ಏನೈತಿ ಹೇಳ್ರಿ. ಖೋಟಾ ಕೆಲಸ ಆಗಿದ್ರ ಆಫೀಸಿನ ಮಾನ ಹೋಗತೈತಿ" ಅಂದ್ರು. ಅವರ ಕಣ್ಣಾಗ ನಾ ಆಗಲೇ ಮನಿಗೆ ಹೋಗಿದ್ದೆ.

"ನಾ ಮಾಡಿಲ್ಲ!" ಅಂತ ಚೀರಿದೆ.

"ಹಂಗಾರ ದೆವ್ವ ಮಾಡ್ತೇನ?" ಅಂದ ಕಾಕಾ. "ಐತವಾರ ಗುಡಿಗೆ ಬಾ. ಎಲ್ಲಾರ ಮುಂದ ಹೇಳು. ಹೇಳಾಕ ಆಗಲಿಲ್ಲಂದ್ರ ನಿನ್ನ ಮೆಸೇಜೂ ಬ್ಯಾಡ, ನಿನ್ನ ಮುಖಾನೂ ಬ್ಯಾಡ ನಮ್ಮೂರಿಗೆ." ಅಷ್ಟು ಹೇಳಿ ಅವರೆಲ್ಲಾ ಇಳದು ಹೋದ್ರು. ಟ್ರ್ಯಾಕ್ಟರ್ ಬಸ್ ಸ್ಟ್ಯಾಂಡ್ ದಾಟೂತನಾ ಸಪ್ಪಳ ಕೇಳಕೋತ ನಿಂತಿದ್ದೆ.

ಕೆಲಸ ಹೋದ್ರ ಮತ್ತೊಂದ ಸಿಗತೈತಿ. ತವರಮನಿ ಊರಾಗ ಕಳ್ಳಿ ಅನ್ನಿಸ್ಕೊಂಡ್ರ ಮತ್ತೊಂದ ತವರಮನಿ ಎಲ್ಲಿಂದ ತರ್ಲಿ? ಮಕ್ಕಳನ್ನ ಕರಕೊಂಡು ಯಾವ ಮುಖಾ ಹೊತ್ತು ಆ ಓಣ್ಯಾಗ ನಡೀಲಿ? ನನಗ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟ ಬಂತು.

ಸಿಟ್ಟ ಎಲ್ಲಾ ಜುಗೂಳದಾಂವನ ಮ್ಯಾಲ ತಿರುಗಿತು. "ಯಾರ್ ಕೂಡ ಚಾ ಕುಡದೀಯೋ? ಆಲದ ಪಟ್ಟಿಯವರು ಯಾರ ಬಂದಿದ್ರು ನಿನ್ನ ಹಂತ್ಯಾಕ?" ಅಂತ ಕೇಳಿದೆ. ನನ್ನಪ್ಪನ ಪಟ್ಟಿಯವರ ಮ್ಯಾಲ ನಾನೇ ಕೇಳಾಕತ್ತೀನಿ ಅನ್ನೋದೂ ಲಕ್ಷದಾಗ ಇರಲಿಲ್ಲ. ಅಂವ ಕಣ್ಣು ಕಣ್ಣು ಬಿಟ್ಟ. "ಅಕ್ಕಾರ, ನಾ ಆ ಫೈಲ್ ತಗದೇ ಇಲ್ರಿ. ಯಾರು ಬದಲ್ ಮಾಡ್ಯಾರ ಅಂತ ಹಿಸ್ಟರಿ ನೋಡ್ರಿ" ಅಂದ. ನೋಡಿದೆ. ಬದಲ್ ಮಾಡಿದವರ ಹೆಸರಿನ ಜಾಗದಾಗ ನನ್ನ ಹೆಸರು ಕುಂತಿತ್ತು. ನಿದ್ದಿಗಣ್ಣಾಗ ನಾನೇ ಮಾಡಿದ್ನೇನು ಅಂತ ನನ್ನ ಮ್ಯಾಲ ನನಗೇ ಸಂಶಯ ಬಂತು. ತಳದಾಗ ಅಪ್ಪನ ಚೀಟಿ ಬಂದಾಗ, ಅವಂದ ಮೊದಲ ಬರಬಾರದಿತ್ತೇನ ಅಂತ ಅನಿಸಿದ್ದು ಖರೇನ ಇತ್ತಲ್ಲ.

ಫೈಲ್ ತಗದು ಆ ಹೆಸರುಗಳನ್ನ ದೊಡ್ಡ ದನಿಲೆ ಓದಿದೆ. ಆಲದ ಗಿಡ. ಕರೇಕಲ್ಲು. ಗುಡ್ಡದ. ನಡುವಿನ. ಬಸವಣ್ಣ. ಮಾವಿನ ತೋಪು. ಹುಣಸಿ ಗಿಡ. ಮತ್ತೊಮ್ಮಿ ಓದಿದೆ. ಆ. ಕ. ಗ. ನ. ಬ. ಮ. ಹ. ಅಯ್ಯ ಶಿವನ! ಒಂದನೇತ್ತ್ಯಾಗ ಪಾಟಿ ಮ್ಯಾಲ ತಿದ್ದಿದ ಅಕ್ಷರಮಾಲಿ! ಯಾವ ಮನಿಷಾನೂ ಲಂಚ ತಿಂದು ಅಕ್ಷರಮಾಲಿ ಪ್ರಕಾರ ನೀರ ಹಂಚೂದಿಲ್ಲ.

"ಏ, ಇಲ್ಲಿ ಬಾ," ಅಂದೆ ಜುಗೂಳದಾಂವಗ. "ಹೆಸರುಗಳನ್ನ ಅಕ್ಷರದ ಪ್ರಕಾರ ಜೋಡಸೂ ಮಷೀನಿನ ಚಾಳಿ ಯಾರ ಹಚ್ಚಿದ್ರು?"

ಅವನ ಮುಖಾ ಸುಣ್ಣ ಆತು. ನಾ ಕಾಗವಾಡಕ್ಕ ಲಗ್ನಕ್ಕಂತ ರಜಾ ಹಾಕಿದ್ದ ವಾರ ಅಂವ ಒಂದು ಹೊಸಾ ಸೌಲತ್ತು ಹಾಕಿದ್ದ. ಅಥಣಿ ವ್ಯಾಪಾರಸ್ಥರ ಹೆಸರು ಉದ್ದಕ ಬೆಳದಿದ್ವು, ಒಂದೇ ಹೆಸರು ಎರಡು ಸಲ ಬರೂದು ತಪ್ಪಲಿ ಅಂತ, ಸೇವ್ ಒತ್ತಿದ ಕೂಡ್ಲೇ ಹೆಸರುಗಳು ಅಕ್ಷರದ ಪ್ರಕಾರ ಕುಂದ್ರೂಹಂಗ ಮಾಡಿದ್ದ. ಅದನ್ನ ಒಂದು ಫೈಲಿಗೆ ಹಾಕೂ ಬದಲಿ ಇಡೀ ಫೋಲ್ಡರಿಗೆ ಹಾಕಿದ್ದ. ನನ್ನ ನೀರಿನ ಪಾಳಿನೂ ಅದೇ ಫೋಲ್ಡರಿನ್ಯಾಗ ಇತ್ತು. ಸೇವ್ ಒತ್ತಿದ ಕೈ ನನ್ನದು, ಅದಕ್ಕ ಹಿಸ್ಟರಿಯಾಗ ನನ್ನ ಹೆಸರು ಬಿದ್ದಿತ್ತು.

"ನಾ ಬಂದ್ ಮಾಡಿದ್ನೆಲ್ಲೋ!"

"ನೀವು ಬಂದ್ ಮಾಡಿದ್ದು ನಿಮ್ಮ ಸೆಟ್ಟಿಂಗ್ರಿ ಅಕ್ಕಾರ. ಫೋಲ್ಡರಿಗೆ ಒಂದು ಸೆಟ್ಟಿಂಗ್ ಇದ್ರ ಅದರ ಮಾತೇ ನಡೀತೈತ್ರಿ. ಮನ್ಯಾಗ ನೀವು ಬ್ಯಾಡ ಅಂದ್ರೂ ಓಣಿಯವರು ಹೂಂ ಅಂದ್ರ ಹೂಂ ಇದ್ದಂಗ್ರಿ."

ಅವನ್ನ ಎಷ್ಟು ಬೈದೆ ಅಂದ್ರ ಕೆಳಗಿನ ಗೊಬ್ಬರದ ಅಂಗಡಿಯಾಂವ ಮ್ಯಾಲ ಬಂದು ನೋಡಿ ಹೋದ. ಬೈದು ಮುಗಿಸಿ, ಇಬ್ಬರೂ ಕುಂತು ಕೆಲಸ ಮಾಡಿದ್ವಿ. ಫೋಲ್ಡರಿನ ಸೆಟ್ಟಿಂಗಿನ್ಯಾಗ ಆ ಸೌಲತ್ತು ವ್ಯಾಪಾರಸ್ಥರ ಫೈಲಿಗಷ್ಟ ಇರೂಹಂಗ ಕಟ್ಟಿ ಹಾಕಿದ್ವಿ. ಪಾಳಿಯ ಹೆಸರುಗಳ ಮ್ಯಾಲ, ಇವನ್ನ ಮುಟ್ಟಬ್ಯಾಡ ಅಂತ ಎಡಿಟರಿಗೆ ತಿಳಿಯೋ ಭಾಷಾದಾಗ ಒಂದು ಸಾಲು ಬರದೆ. ಅಷ್ಟಕ್ಕೂ ನನಗ ಭರೋಸಾ ಹುಟ್ಟಲಿಲ್ಲ. ಊರ ಮಂದಿ ಬಾಯಿಲೆ ಹೇಳೂಹಂಗ, ಹುಣಸಿ ಆದಮ್ಯಾಲ ಬಸವಣ್ಣ, ಬಸವಣ್ಣ ಆದಮ್ಯಾಲ ಕರೇಕಲ್ಲು ಅಂತ ಪ್ರತಿ ಹೆಸರಿಗೂ ಅದರ ಮುಂದಿನ ಹೆಸರು ಹಚ್ಚಿದೆ. ಈಗ ಸಾಲು ಎಷ್ಟ ಜಿಗದಾಡಿದ್ರೂ ಪಾಳಿ ಕೆಡೂದಿಲ್ಲ. ಆಮ್ಯಾಲ ಸೇವ್ ಒತ್ತಿದೆ, ಒತ್ತಿದಮ್ಯಾಲ ಓದಿದೆ.

ಐತವಾರ ಗುಡಿ ಕಟ್ಟಿ ಮ್ಯಾಲ ಎಲ್ಲಾ ಪಟ್ಟಿಯವರೂ ಕೂಡಿದ್ರು. ಹೆಣ್ಣಮಕ್ಕಳು ಬೇವಿನ ಗಿಡದ ಕೆಳಗ ಸೆರಗ ಹೊತ್ತು ಕುಂತಿದ್ರು. ನಮ್ಮಪ್ಪ ಒಂದು ಕಂಬದ ಮಗ್ಗಲ, ನನ್ನ ಕಡೆ ನೋಡವಲ್ಲ. ನಾ ಲ್ಯಾಪ್‌ಟಾಪ್ ತಗದು, ಚೀಟಿ ಬಂದ ಪ್ರಕಾರ ಹೆಸರು ಬರದು, ಹಳೇ ಸೆಟ್ಟಿಂಗ್ ಮತ್ತ ಚಾಲೂ ಮಾಡಿ ಸೇವ್ ಒತ್ತಿ ತೋರಿಸಿದೆ. ಹೆಸರುಗಳು ಜಿಗದು ಜಾಗ ಬದಲ್ ಮಾಡಿದ್ವು.

"ಇದಕ್ಕ ಹಿಂಗ ಮಾಡು ಅಂತ ಯಾರ ಹೇಳಿದ್ರು?" ಅಂದ ಒಬ್ಬಾಂವ.

"ಪಾಳಿ ತಿರುವು ಅಂತ ಯಾರೂ ಹೇಳಿಲ್ಲ. ಇದು ತಾನ ಮಾಡತೈತಿ."

"ತಾನ ಮಾಡಿದ್ರ ನಿಮ್ಮಪ್ಪನ ಪಟ್ಟಿನ ಯಾಕ ಮ್ಯಾಲ ಬರಬೇಕು?" ಅಂದ ಕಾಕಾ. "ಮಷೀನಿಗೂ ತವರಮನಿ ಪ್ರೀತಿ ಇರತೈತೇನು?"

ಎಲ್ಲಾರೂ ಘೊಳ್ಳಂತ ನಕ್ಕರು. ನನಗ ಮೈಯೆಲ್ಲಾ ಉರೀತು. "ಆಲದ 'ಆ' ಅಕ್ಷರಮಾಲ್ಯಾಗ ಮೊದಲ ಬರತೈತಿ ಕಾಕಾ, ಅದಕ್ಕ! ಬೇಕಂದ್ರ ನೀವೇ ಏನರ ಹೇಳ್ರಿ, ಬರೀತೀನಿ" ಅಂದೆ. ಬೇವಿನ ಗಿಡದ ಕೆಳಗಿಂದ ಒಬ್ಬ ಮುದಕಿ ಆಯಿ, "ಕಾಯಿಪಲ್ಲೆ ಬರಿಯವಾ, ಹೊಲದ ಮಾತ ಬ್ಯಾಡ" ಅಂದಳು. ಒಬ್ಬಾಕಿ ಹೀರಿಕಾಯಿ ಅಂದಳು, ಮತ್ತೊಬ್ಬಾಕಿ ಬದನಿಕಾಯಿ, ಮುಲ್ಲಂಗಿ, ಗಜ್ಜರಿ, ಅವರಿಕಾಯಿ. ಬರದು ಸೇವ್ ಒತ್ತಿದೆ. ಕಡೀಕಿದ್ದ ಅವರಿಕಾಯಿ ಟಣ್ಣಂತ ಮ್ಯಾಲ ಕುಂತಿತು, ಹೀರಿಕಾಯಿ ತಳಕ್ಕ ಹೋತು. ಆಯಿ ಬೊಚ್ಚಬಾಯಿ ತಗದು ನಕ್ಕಳು. "ಅವರಿಕಾಯಿ ಇಕಿಗೇನ ಅಪ್ಪ ಆಗಬೇಕೇನ್ರೋ?" ಅಂದಳು. ಈ ಸಲದ ನಗು ನನ್ನ ಕಡೆಯದು ಇತ್ತು.

ಕಾಕಾ ಮಾತ್ರ ನಗಲಿಲ್ಲ. "ಕಾಯಿಪಲ್ಲೆ ಆತು," ಅಂದ. "ಮಷೀನ್ ನಿನ್ನ ಕೈಯಾಂದು, ಅದು ನಿನ್ನ ಮಾತ ಕೇಳತೈತಿ. ನಮಗ ಅದರ ಸುದ್ದಿ ತಿಳಿಯೂದಿಲ್ಲ. ದೇವಿ ಭಂಡಾರ ಮುಟ್ಟು. ನಾ ಮಾಡಿಲ್ಲ ಅಂತ ಹೇಳು. ನಾವು ಕೈ ಮುಗದು ಮನಿಗೆ ಹೋಗ್ತೀವಿ."

ನಮ್ಮ ಕಡೆ ದೇವಿಯ ಅರಿಷಿಣಕ್ಕ ಭಂಡಾರ ಅಂತಾರ. ಅದನ್ನ ಮುಟ್ಟಿ ಆಣಿ ಮಾಡಿದಮ್ಯಾಲ ಆ ಮಾತಿನ ಮ್ಯಾಲ ಯಾರೂ ಮಾತಾಡಂಗಿಲ್ಲ. ಸುಳ್ಳು ಆಣಿ ಮಾಡಿದವರ ವಂಶಕ್ಕ ದೇವಿ ಕಾಡತಾಳ ಅಂತ ಎಲ್ಲಾರೂ ನಂಬ್ಯಾರ. ನಾನೂ ಅಷ್ಟೋ ಇಷ್ಟೋ ನಂಬೀನಿ. ಪೂಜಾರಿ ತಾಟಿನ್ಯಾಗ ಭಂಡಾರ ತಂದ. ನನಗ ಖುಷಿನೇ ಆತು. ಇಷ್ಟ ಹಗುರ ಐತಿ ಅಂದ್ರ ಮುಂಜಾನಿಂದ ಈ ತರಕಾರಿ ಸಂತಿ ಯಾಕ ಹಚ್ಚತಿದ್ದೆ? ಕೈ ಮುಂದ ಚಾಚಿದೆ.

ಯಾರೋ ನನ್ನ ಮಣಿಕಟ್ಟು ಹಿಡಿದ್ರು. ನೋಡಿದ್ರ ಅಪ್ಪ.

"ಮುಟ್ಟಬ್ಯಾಡವಾ," ಅಂದ. ಆಮ್ಯಾಲ ಎಲ್ಲಾರ ಕಡೆ ತಿರುಗಿ, "ನೀರ ಉಂಡಾಂವ ನಾ. ಈ ವರ್ಷ ನನ್ನ ಪಾಳಿ ಎಲ್ಲಾ ಹುಣಸಿ ಪಟ್ಟಿಗೆ ಬಿಡ್ತೀನಿ. ಕಬ್ಬ ಒಣಗಲಿ. ಹುಡಿಗಿ ಕೈಲೆ ಆಣಿ ಮಾಡಸಬ್ಯಾಡ್ರಿ" ಅಂದ.

ಆಯಿ ಸೆರಗಿಲೆ ಬಾಯಿ ಮುಚ್ಕೊಂಡಳು. ನನಗ ಒಂದು ಗಳಿಗಿ ಆದಮ್ಯಾಲ ತಿಳೀತು. ಊರೆಲ್ಲಾ ಸಂಶಯ ಮಾಡಿತ್ತು, ಇಂವ ಸಂಶಯನೂ ಮಾಡಿರಲಿಲ್ಲ. ನಾನೇ ಮಾಡೀನಿ ಅಂತ ಖಾತ್ರಿ ಇದ್ದ. ಫೋನಿನ್ಯಾಗ ಬೆಲ್ಲ ಆಗಿದ್ದು ಅದಕ್ಕ. ನಕ್ಕಿದ್ದು ಅದಕ್ಕ. ಮಗಳು ನನ್ನ ಸಲುವಾಗಿ ದೇವಿ ಚೀಟಿನೂ ತಿರುವಿದಳು ಅಂತ ಒಳಗೊಳಗ ಹಿಗ್ಗಿಕೊಂಡು, ತನ್ನದಲ್ಲದ ನೀರು ಅಂತ ಗೊತ್ತಿದ್ದೂ ಹೊಲಕ್ಕ ಹಾಯಿಸ್ಕೊಂಡಿದ್ದ.

"ಅಪ್ಪಾ, ಕೈ ಬಿಡು" ಅಂದೆ.

"ಬ್ಯಾಡವಾ. ಮಕ್ಕಳ ತಾಯಿ ನೀ."

"ಕೈ ಬಿಡು ಅಂದೆ!" ಅಂತ ಕೊಸರ್ಕೊಂಡು ಐದೂ ಬೆರಳು ಭಂಡಾರದಾಗ ಅದ್ದಿದೆ. "ನಾ ಮುಟ್ಟಿಲ್ಲ. ಪಾಳಿ ನಾ ತಿರುವಿಲ್ಲ. ಸುಳ್ಳಾಡಿದ್ರ ದೇವಿ ನನಗ ನೋಡ್ಕೊಳ್ಳಲಿ" ಅಂದೆ.

ಕಾಕಾ ಎದ್ದು ನಿಂತು ಭಂಡಾರಕ್ಕ ಕೈ ಮುಗದ. "ಆತು ತಂಗಿ, ತಪ್ಪ ತಿಳ್ಕೋಬ್ಯಾಡ" ಅಂದ. ಖರೇ ಮನಸ್ಸಿಲೆ ಅಂದ, ನನಗ ಗೊತ್ತಾತು. ಮರುದಿನದಿಂದ ಚೀಟಿ ಪ್ರಕಾರ ಹುಣಸಿ ಪಟ್ಟಿಯಿಂದ ನೀರು ಚಾಲೂ ಆತು. ಅಪ್ಪ ಒಮ್ಮಿ ಉಂಡಿದ್ದಕ್ಕ ಒಂದು ಪಾಳಿ ಬಿಟ್ರ ಸಾಕು ಅಂತ ಹುಣಸಿ ಪಟ್ಟಿಯವರೇ ತೀರ್ಮಾನ ಮಾಡಿದ್ರು. ಮಾಲಕರು ನನಗ ಪೇಡೆ ತಂದು ಕೊಟ್ಟರು. ಜುಗೂಳದಾಂವ ಈಗ ಯಾವ ಸೌಲತ್ತು ಹಾಕಬೇಕಂದ್ರೂ ನನ್ನ ಮುಂದ ಬಂದು ನಿಂತು ಕೇಳತಾನ. ನನ್ನ ಮಟ್ಟಿಗೆ ಕೆಲಸ ಮುಗದಿತ್ತು.

ಆಮ್ಯಾಲ ಒಂದು ದಿನ ಅವ್ವ ಫೋನ್ ಮಾಡಿದಳು. "ನಿಮ್ಮಪ್ಪ ಮಂಗಳವಾರ ಉಣ್ಣೂದ ಬಿಟ್ಟಾನ. ಕೇಳಿದ್ರ ಹೇಳವಲ್ಲ. ಗುಡಿತನಾ ಬರಿಗಾಲಿಲೆ ಹೋಗಿ ಬರ್ತಾನ" ಅಂದಳು. ಮಂಗಳವಾರ ಅಂದ್ರ ದೇವಿ ವಾರ. ನನಗ ಆವಾಗಲೇ ಅನುಮಾನ ಬಂತು, ಆದ್ರ ಅನುಮಾನ ಸುಳ್ಳಾಗಲಿ ಅಂತ ಬಯಸಿದ್ದು ಅದೇ ಮೊದಲು. ಮುಂದಿನ ಮಂಗಳವಾರ ರಜಾ ಹಾಕಿ, ಲ್ಯಾಪ್‌ಟಾಪ್ ಹೆಗಲಿಗೆ ಹಾಕ್ಕೊಂಡು ಪಾಲಬಾವಿ ಬಸ್ ಹತ್ತಿದೆ.

ಅಪ್ಪ ಪಡಸಾಲ್ಯಾಗ ಕುಂತಿದ್ದ. ಗಲ್ಲ ಒಳಗ ಹೋಗಿದ್ವು.

"ಯಾಕ ಉಣವಲ್ಲಿ?"

"ಹೊಟ್ಟಿ ಸರಿ ಇಲ್ಲವಾ."

"ಹೊಟ್ಟಿ ಮಂಗಳವಾರ ನೋಡಿ ಕೆಡತೈತೇನು?"

ಅಪ್ಪ ನೆಲಾ ನೋಡ್ಕೋತ ಅಂದ. "ನೀ ಎಲ್ಲಾರ ಮುಂದ ಭಂಡಾರ ಮುಟ್ಟಿದಿ. ಏನರ ಆಗೂದಿದ್ರ ನನಗಾಗಲಿ ಅಂತ ದೇವಿಗೆ ಬೇಡ್ಕೊಂಡೀನಿ. ನಿನ್ನ ಮಕ್ಕಳ ಮ್ಯಾಲ ಬರೂದ ಬ್ಯಾಡ."

"ನಾ ಮಾಡಿಲ್ಲಪಾ!" ಅಂತ ಚೀರಿದೆ. ಲ್ಯಾಪ್‌ಟಾಪ್ ತಗದು ಅವನ ಮುಂದ ಇಟ್ಟು ಮತ್ತ ಎಲ್ಲಾ ತೋರಿಸಿದೆ, ಪಟ್ಟಿ, ಕಾಯಿಪಲ್ಲೆ, ಸೆಟ್ಟಿಂಗು, ಎಲ್ಲಾ. ಅಂವ ಲಕ್ಷ ಕೊಟ್ಟು ನೋಡಿದ. ಸ್ಕ್ರೀನು ಜಿಗದಾಗೆಲ್ಲಾ ಹೂಂ ಅಂದ. ಮುಗದಮ್ಯಾಲ ನನ್ನ ತಲಿ ಮ್ಯಾಲ ಕೈ ಆಡಿಸಿ, "ಆತವಾ, ತಿಳೀತು. ನೀ ಮಾಡಿಲ್ಲ" ಅಂದ.

ನಾ ಅಡಗಿ ಮನಿಗೆ ಹೋಗಿ ಬ್ಯಾಳಿ ಪಲ್ಲೆ, ಬಿಸಿ ರೊಟ್ಟಿ ಹಾಕಿದ ತಾಟ ತಂದು ಅವನ ಮುಂದ ಇಟ್ಟೆ. "ತಿಳದಿದ್ರ ಉಣ್ಣು" ಅಂದೆ.

ಅಪ್ಪ ತಾಟ ನೋಡಿದ, ನನ್ನ ಮುಖಾ ನೋಡಿದ. ಮೆಲ್ಲಕ ತಾಟ ನನ್ನ ಕಡೆ ಸರಿಸಿ, "ನೀ ಉಣ್ಣವಾ, ಬಿಸಲಾಗ ಬಂದೀದಿ" ಅಂದ.